ಹನ್ನೆರಡು ಗಂಟೆಗೇ ಖಾಲಿ: ಒಳ್ಳೆ ಬಾರ್ಬೆಕ್ಯೂ ಅಂಗಡಿ ಹುಡುಕೋದು ಹೇಗೆ?

ಊಟಕ್ಕೆ ಮುಂಚೆ ಕೇಳ್ತಿದ್ರೆ ಮೊದಲೇ ಕ್ಷಮೆ ಕೇಳ್ತೀನಿ. ಇವತ್ತಿನ ಎಪಿಸೋಡ್ ಪೂರ್ತಿ ಹೊಗೆ, ಕೆಂಡ ಮತ್ತು ಮಾಂಸ.

ಕಳೆದ ವರ್ಷ ಅಮೆರಿಕದ ಟೆಕ್ಸಸ್‌ಗೆ ಹೋಗಿದ್ದೆ. ಅಕ್ಕ, ಭಾವ ಆಸ್ಟಿನ್‌ನಲ್ಲಿದ್ದಾರೆ. ಎರಡು ವಾರ ರಜೆ, ಮನಸ್ಸಲ್ಲಿ ಒಂದೇ ಪ್ಲ್ಯಾನ್: ಒಳ್ಳೊಳ್ಳೆ ಬಾರ್ಬೆಕ್ಯೂ ಅಂಗಡಿ ಹುಡುಕಿ ತಿನ್ನೋದು, ಬಂದು ಒಂದು 'ಟಾಪ್ ಟೆನ್' ಎಪಿಸೋಡ್ ಮಾಡೋದು. ಮೂರನೇ ದಿನ ಒಂದು ಗಂಟೆ ಕಾರ್ ಓಡಿಸ್ಕೊಂಡು ಒಂದು ಸಣ್ಣ ಊರಿಗೆ ಹೋದ್ವಿ. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆಗೆಯುತ್ತೆ ಅಂತ ನೋಡಿದ್ದೆ. ನಾವು ತಲುಪಿದ್ದು ಹನ್ನೆರಡೂ ಕಾಲಿಗೆ. ಬಾಗಿಲಿಗೆ ಬೋರ್ಡು: ಸೋಲ್ಡ್ ಔಟ್.

ನನಗೆ ಸಿಟ್ಟು ಬಂತು. ಊಟದ ಹೊತ್ತಿಗೆ ಊಟದ ಅಂಗಡಿ ಮುಚ್ಚೋದು ಅಂದ್ರೇನು? ಒಳಗೆ ಒಬ್ಬರು ನೆಲ ಒರೆಸ್ತಾ ಇದ್ರು. ಹೊರಗೆ ಬಂದು, "ನಾಳೆ ಒಂಬತ್ತೂವರೆಗೆ ಬನ್ನಿ" ಅಂದ್ರು. ಅಷ್ಟೇ. ಸಾರಿ ಇಲ್ಲ, ಗೀರಿ ಇಲ್ಲ. ಭಾವ ನಗ್ತಾ, "ಏನಪ್ಪಾ, ಕಾಮರ್ಸ್ ಓದಿದೀಯ. ಡಿಮ್ಯಾಂಡ್ ಇದೆ, ಸಪ್ಲೈ ಇಲ್ಲ. ಯಾಕೆ ಹೇಳು?" ಅಂದ್ರು. ಹೇಳೋಕಾಗ್ಲಿಲ್ಲ. ಟಾಪ್ ಟೆನ್ ಎಪಿಸೋಡ್ ಬಿಟ್ಟು ಈ ಎಪಿಸೋಡ್ ಮಾಡ್ತಿರೋದು ಆ ಪ್ರಶ್ನೆಯಿಂದಾಗಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಬೆಂಗಳೂರಲ್ಲಿ ಬಾರ್ಬೆಕ್ಯೂ ಅಂದ್ರೆ ನಮ್ಮ ಕಣ್ಮುಂದೆ ಬರೋದು ಟೇಬಲ್ ಮಧ್ಯ ಸಣ್ಣ ಒಲೆ, ಅದರ ಮೇಲೆ ಕಡ್ಡಿಗೆ ಚುಚ್ಚಿದ ಪನೀರ್, ಚಿಕನ್. ಅಮೆರಿಕದವರ ಲೆಕ್ಕದಲ್ಲಿ ಅದು ಗ್ರಿಲ್. ಜೋರು ಬೆಂಕಿ, ಹತ್ತು ನಿಮಿಷ, ಮುಗೀತು. ಅಲ್ಲಿ ಬಾರ್ಬೆಕ್ಯೂ ಅನ್ನೋದು ಇದರ ಉಲ್ಟಾ. ದೊಡ್ಡ ಮಾಂಸದ ತುಂಡು, ಸೌದೆ ಹೊಗೆ, ಸುಮಾರು 110ರಿಂದ 135 ಡಿಗ್ರಿಯಷ್ಟು ಮಂದ ಶಾಖ, ಹತ್ತು ಹನ್ನೆರಡು ಗಂಟೆ, ಕೆಲವು ಸಲ ಇನ್ನೂ ಜಾಸ್ತಿ. ನಮ್ಮಲ್ಲಿ ಕಾಲು ಸೂಪನ್ನ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಡ್ತಾರಲ್ಲ, ಅದೇ ಲಾಜಿಕ್. ಗಟ್ಟಿ ನಾರು ಇರೋ, ಜಾಸ್ತಿ ಕೆಲಸ ಮಾಡಿದ ಭಾಗದ ಮಾಂಸ ನಿಧಾನಕ್ಕೆ ಕರಗಿ ಮೆತ್ತಗಾಗ್ಬೇಕು. ಅವಸರ ಮಾಡಿದ್ರೆ ಚಪ್ಪಲಿ ತಿಂದಂಗಿರುತ್ತೆ.

ಎರಡನೇದು, ಅಮೆರಿಕದಲ್ಲಿ 'ಬೆಸ್ಟ್ ಬಾರ್ಬೆಕ್ಯೂ' ಅಂತ ಒಂದೇ ಇಲ್ಲ. ನಮ್ಮಲ್ಲಿ ಊಟ ಜಿಲ್ಲೆ ಜಿಲ್ಲೆಗೆ ಬದಲಾಗುತ್ತಲ್ಲ, ಮಂಡ್ಯದ ಮುದ್ದೆ, ಧಾರವಾಡದ ರೊಟ್ಟಿ, ಕರಾವಳಿಯ ನೀರು ದೋಸೆ, ಹಾಗೆ. ನಾರ್ತ್ ಕ್ಯಾರೊಲೈನಾದ ಪೂರ್ವ ಭಾಗಕ್ಕೆ ಹೋದ್ರೆ ಇಡೀ ಹಂದಿಯನ್ನೇ ಸುಟ್ಟು, ಕೊಚ್ಚಿ, ವಿನೆಗರ್ ಮತ್ತು ಮೆಣಸಿನಕಾಯಿ ರಸ ಹಾಕಿ ಕೊಡ್ತಾರೆ. ಅದೇ ರಾಜ್ಯದ ಪಶ್ಚಿಮಕ್ಕೆ ಬನ್ನಿ, ಲೆಕ್ಸಿಂಗ್ಟನ್ ಕಡೆ, ಹಂದಿಯ ಭುಜದ ಭಾಗ ಮಾತ್ರ, ರಸಕ್ಕೆ ಸ್ವಲ್ಪ ಟೊಮ್ಯಾಟೊ ಸೇರುತ್ತೆ. ಸೌತ್ ಕ್ಯಾರೊಲೈನಾದಲ್ಲಿ ಸಾಸಿವೆ ಸಾಸ್. ಮೆಂಫಿಸ್‌ನಲ್ಲಿ ಒಣ ಮಸಾಲೆ ಸವರಿದ ಪಕ್ಕೆಲುಬು. ಕ್ಯಾನ್ಸಸ್ ಸಿಟಿಯಲ್ಲಿ ಸಿಹಿಯಾದ, ದಪ್ಪ ಸಾಸ್. ಅಲಬಾಮಾದ ಉತ್ತರ ಭಾಗದಲ್ಲಿ ಚಿಕನ್‌ಗೆ ಮಯೊನೈಸ್‌ನಿಂದ ಮಾಡಿದ ಬಿಳಿ ಸಾಸ್. ಕೆಂಟಕಿಯ ಓವೆನ್ಸ್‌ಬರೊ ಕಡೆ, ಮಂಡ್ಯ, ಹಾಸನದ ಕೇಳುಗರೇ ಗಮನಿಸಿ, ಮಟನ್! ಅಲ್ಲಿ 19ನೇ ಶತಮಾನದಲ್ಲಿ ಉಣ್ಣೆಗಾಗಿ ಕುರಿ ಸಾಕಣೆ ಬೆಳೀತು. ವಯಸ್ಸಾದ ಕುರಿಯ ಗಟ್ಟಿ ಮಾಂಸ ಏನು ಮಾಡೋದು? ರಾತ್ರಿಯಿಡೀ ಹೊಗೆಯಲ್ಲಿ ಬೇಯಿಸೋದು.

ಟೆಕ್ಸಸ್ ಮಧ್ಯಭಾಗದ ಹೆಮ್ಮೆ ಬ್ರಿಸ್ಕೆಟ್, ಅಂದ್ರೆ ದನದ ಎದೆ ಭಾಗ. ಉಪ್ಪು, ಕಾಳುಮೆಣಸು, ಪೋಸ್ಟ್ ಓಕ್ ಅನ್ನೋ ಮರದ ಸೌದೆ, ಮುಗೀತು. ಈ ಪದ್ಧತಿಗೆ ಜರ್ಮನ್ ಮತ್ತು ಚೆಕ್ ವಲಸಿಗರ ಮಾಂಸದ ಅಂಗಡಿಗಳೂ ಒಂದು ಮೂಲ. ಮಾರಾಟವಾಗದೆ ಉಳಿದ ಮಾಂಸವನ್ನ ಹೊಗೆಯಲ್ಲಿಟ್ಟು, ತೂಕ ಮಾಡಿ, ಕಾಗದದಲ್ಲಿ ಕಟ್ಟಿ ಕೊಡ್ತಿದ್ರು. ಇವತ್ತಿಗೂ ಎಷ್ಟೋ ಕಡೆ ತಟ್ಟೆ ಇಲ್ಲ, ಕಾಗದದ ಮೇಲೇ ಊಟ. ಭಾವ ಬ್ರಿಸ್ಕೆಟ್ ತಿನ್ನಲ್ಲ, ನಾನು ತಿಂತೀನಿ. ಒಂದೇ ಟೇಬಲ್‌ನಲ್ಲಿ ಅವರ ಮುಂದೆ ಚಿಕನ್, ನನ್ನ ಮುಂದೆ ಬ್ರಿಸ್ಕೆಟ್. ಇಬ್ಬರಿಗೂ ತೊಂದರೆ ಆಗ್ಲಿಲ್ಲ. ಆದ್ರೆ ಒಂದು ಎಚ್ಚರಿಕೆ: ಪಕ್ಕದಲ್ಲಿ ಕೊಡೋ ಬೀನ್ಸ್ ವೆಜ್ ಅಂದ್ಕೋಬೇಡಿ. ಅದರಲ್ಲೂ ಮಾಂಸದ ಚೂರು ಹಾಕಿರ್ತಾರೆ. ಕೇಳಿ ತಿನ್ನಿ.

ಈಗ ನನ್ನ ಹುಡುಕಾಟಕ್ಕೆ ಬರೋಣ. ಮೊದಲ ದಿನ ನಾನು ಮಾಡಿದ್ದು ನೀವೂ ಮಾಡೋದೇ. ಫೋನ್ ತೆಗೆದೆ, ಮ್ಯಾಪ್‌ನಲ್ಲಿ ಹುಡುಕಿದೆ, 4.7 ಸ್ಟಾರ್, ಸಾವಿರಾರು ರಿವ್ಯೂ ಇದ್ದ ಜಾಗಕ್ಕೆ ಹೋದೆ. ಹೆಸರು ಬೇಡ. ದೊಡ್ಡ ಕಟ್ಟಡ, ಒಳ್ಳೆ ಎಸಿ, ರಾತ್ರಿ ಹತ್ತರ ತನಕ ಓಪನ್. ಮೆನುವಿನಲ್ಲಿ ಟೆಕ್ಸಸ್ ಬ್ರಿಸ್ಕೆಟ್, ಕ್ಯಾರೊಲೈನಾ ಪೋರ್ಕ್, ಮೆಂಫಿಸ್ ರಿಬ್ಸ್, ಎಲ್ಲವೂ. ರಾತ್ರಿ ಎಂಟಕ್ಕೆ ಬಂದ ಬ್ರಿಸ್ಕೆಟ್ ಮೇಲೆ ಸಾಸ್ ಸುರಿದಿತ್ತು. ಸಾಸ್ ಪಕ್ಕಕ್ಕೆ ಸರಿಸಿ ತಿಂದೆ. ಒಣಗಿದ ಮಾಂಸ, ಬೆಳಿಗ್ಗೆ ಮಾಡಿದ್ದನ್ನ ಮತ್ತೆ ಬಿಸಿ ಮಾಡಿದ ರುಚಿ. ಹೊಗೆಯ ಸುಳಿವೂ ಇಲ್ಲ.

ಮನೆಗೆ ಬಂದು ಅದೇ ಜಾಗದ ಐವತ್ತು ರಿವ್ಯೂ ಕೂತು ಓದಿದೆ. ಪಾರ್ಕಿಂಗ್ ಚೆನ್ನಾಗಿದೆ, ಮಕ್ಕಳಿಗೆ ಜಾಗ ಇದೆ, ಸರ್ವಿಸ್ ಫಾಸ್ಟ್, ಬರ್ತ್‌ಡೇ ಪಾರ್ಟಿಗೆ ಸೂಪರ್. 'ಹೊಗೆ' ಅನ್ನೋ ಪದ ಸಿಕ್ಕಿದ್ದು ಮೂರರಲ್ಲಿ. ಅಂದ್ರೆ ರಿವ್ಯೂ ಸುಳ್ಳಲ್ಲ. ಅವರು ಅಳೆದದ್ದು ಬೇರೆ, ನಾನು ಹುಡುಕ್ತಿದ್ದದ್ದು ಬೇರೆ. ಸ್ಟಾರ್ ಅನ್ನೋದು ಒಂದು ಸರಾಸರಿ. ಯಾವುದರ ಸರಾಸರಿ ಅಂತ ಕೇಳದೆ ನಂಬಿದ್ದು ನನ್ನ ತಪ್ಪು.

ಆಮೇಲೆ ಆ ಸೋಲ್ಡ್ ಔಟ್ ಬೋರ್ಡು. ಅವತ್ತು ವಾಪಸ್ ಬರ್ತಾ ಕಾರಲ್ಲೇ ಭಾವನ ಪ್ರಶ್ನೆಗೆ ಲೆಕ್ಕ ಹಾಕಿದೆ. ನೀವೂ ಹಾಕಿ. ಒಂದು ಹಸಿ ಬ್ರಿಸ್ಕೆಟ್ ಸುಮಾರು ಆರು ಕಿಲೋ ಅಂತಿಟ್ಕೊಳ್ಳಿ. ಕೊಬ್ಬು ಕತ್ತರಿಸಿ ತೆಗೀತಾರೆ. ಬೇಯುವಾಗ ನೀರು, ಕೊಬ್ಬು ಇಳಿದು ಹೋಗುತ್ತೆ. ಕೊನೆಗೆ ಮಾರೋಕೆ ಸಿಗೋದು ಹತ್ತಿರ ಹತ್ತಿರ ಅರ್ಧ, ಮೂರು ಕಿಲೋ. ಕೊಂಡಿದ್ದು ಆರಕ್ಕೆ ದುಡ್ಡು ಕೊಟ್ಟು, ಮಾರೋದು ಮೂರನ್ನ. ಅದಕ್ಕೇ ಒಳ್ಳೆ ಅಂಗಡಿಗಳಲ್ಲಿ ಪೌಂಡಿಗೆ, ಅಂದ್ರೆ 450 ಗ್ರಾಂಗೆ, 30 ಡಾಲರ್ ದಾಟಿದೆ. ಅದರ ಮೇಲೆ ಸೌದೆ, ರಾತ್ರಿ ಪಾಳಿಯ ಸಂಬಳ.

ಇನ್ನು ಟೈಮು. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಮಾರೋ ಮಾಂಸ ನಿನ್ನೆ ರಾತ್ರಿಯೇ ಒಲೆಗೆ ಹೋಗಿರ್ಬೇಕು. ಮಧ್ಯಾಹ್ನ ಜನ ಜಾಸ್ತಿ ಬಂದ್ರು ಅಂತ ಇನ್ನೊಂದು ಟ್ರೇ ಹಾಕೋಕಾಗಲ್ಲ. ದೋಸೆ ಹಿಟ್ಟು ಮುಗಿದ್ರೆ ಪಕ್ಕದ ಅಂಗಡಿಯಿಂದ ತರಬಹುದು. ಹನ್ನೆರಡು ಗಂಟೆ ಹೊಗೆಯನ್ನ ಯಾರಿಂದ ತರ್ತೀರ? ಹಾಗಾಗಿ ಮಾಲೀಕನಿಗೆ ಎರಡೇ ದಾರಿ. ಒಂದು, ಜಾಸ್ತಿ ಮಾಡಿಟ್ಟು, ಉಳಿದದ್ದನ್ನ ರಾತ್ರಿಗೆ, ನಾಳೆಗೆ ಬಿಸಿ ಮಾಡಿ ಕೊಡೋದು. ಎರಡು, ಒಲೆ ಮತ್ತು ಒಲೆ ನೋಡ್ಕೊಳ್ಳೋ ಮನುಷ್ಯನ ಕೈಲಿ ಎಷ್ಟಾಗುತ್ತೋ ಅಷ್ಟೇ ಮಾಡಿ, ಮುಗಿದ ಮೇಲೆ 'ಮುಗೀತು' ಅನ್ನೋದು. ನನಗೆ ಸಿಟ್ಟು ತರಿಸಿದ ಬೋರ್ಡು ಇದೇ ಎರಡನೇ ದಾರಿ. 'ನಿನ್ನೆಯದ್ದನ್ನ ಕೊಡಲ್ಲ' ಅಂತ ಆ ಅಂಗಡಿ ಬರೆದಿಟ್ಟ ಗ್ಯಾರಂಟಿ ಅದು.

ಹಾಗಾದ್ರೆ ಪಟ್ಟಿಗಳೆಲ್ಲ ವೇಸ್ಟಾ? ಇಲ್ಲ. ಪಟ್ಟಿ ಮಾಡಿದವರು ಏನು ಅಳೆದ್ರು ಅನ್ನೋದು ಮುಖ್ಯ. 'ಟೆಕ್ಸಸ್ ಮಂತ್ಲಿ' ಅನ್ನೋ ಪತ್ರಿಕೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ ರಾಜ್ಯದ 50 ಅತ್ಯುತ್ತಮ ಬಾರ್ಬೆಕ್ಯೂ ಅಂಗಡಿಗಳ ಪಟ್ಟಿ ತರುತ್ತೆ. ಅದಕ್ಕೆ ಮುಂಚೆ ಅವರ ತಂಡ ರಾಜ್ಯವೆಲ್ಲ ಸುತ್ತಿ ನೂರಾರು ಅಂಗಡಿಗಳಲ್ಲಿ ತಿನ್ನುತ್ತೆ. 2013ರಲ್ಲಿ ಡೇನಿಯಲ್ ವಾನ್ ಅನ್ನೋರನ್ನ ಪೂರ್ಣಾವಧಿ ಬಾರ್ಬೆಕ್ಯೂ ಸಂಪಾದಕರಾಗಿ ನೇಮಿಸ್ಕೊಂಡ್ರು. ಅದಕ್ಕೆ ಮುಂಚೆ ಅವರು ಆರ್ಕಿಟೆಕ್ಟ್. ಅಪ್ಪ ಅಮ್ಮನಿಗೆ ಹೇಳಿ, ಇಂಥ ಕೆಲಸಾನೂ ಇದೆ. 2024ರಲ್ಲಿ ಮಿಶೆಲಿನ್ ಗೈಡ್ ಮೊದಲ ಸಲ ಟೆಕ್ಸಸ್‌ಗೆ ಬಂದಾಗ ನಾಲ್ಕು ಬಾರ್ಬೆಕ್ಯೂ ಅಂಗಡಿಗಳಿಗೆ ಒಂದೊಂದು ಸ್ಟಾರ್ ಸಿಕ್ತು. ಅವುಗಳಲ್ಲಿ ಮೂರು ಆಸ್ಟಿನ್‌ನವು.

ಆದ್ರೆ ನನಗೆ ನಿಜವಾಗಿ ಪಾಠ ಆಗಿದ್ದು ಲೆಕ್ಸಿಂಗ್ಟನ್‌ನಲ್ಲಿ. ಕ್ಯಾರೊಲೈನಾದ್ದಲ್ಲ, ಟೆಕ್ಸಸ್‌ನಲ್ಲೂ ಒಂದು ಲೆಕ್ಸಿಂಗ್ಟನ್ ಇದೆ, ಸಾವಿರ ಚಿಲ್ಲರೆ ಜನರ ಊರು. ಅಲ್ಲಿ 'ಸ್ನೋಸ್ ಬಿಬಿಕ್ಯೂ' ಅಂತ ಒಂದು ಅಂಗಡಿ. ಬಾಗಿಲು ತೆಗೆಯೋದು ಶನಿವಾರ ಮಾತ್ರ, ಅದೂ ಬೆಳಿಗ್ಗೆ ಎಂಟಕ್ಕೆ. ಅಲ್ಲಿನ ಒಲೆಗಳ ಯಜಮಾನಿ ಟೂಟ್ಸಿ ಟಾಮನೆಟ್ಜ್, 1935ರಲ್ಲಿ ಹುಟ್ಟಿದವರು. 1966ರಲ್ಲಿ ಪಕ್ಕದ ಗಿಡಿಂಗ್ಸ್ ಊರಿನ ಮಾಂಸದ ಅಂಗಡಿಯಲ್ಲಿ ಈ ಕೆಲಸ ಶುರು ಮಾಡಿದ್ರು. ವಾರದ ದಿನಗಳಲ್ಲಿ ಶಾಲೆಯ ಸ್ವಚ್ಛತೆ, ನಿರ್ವಹಣೆಯ ಕೆಲಸ, ಶನಿವಾರ ಸಲಿಕೆ ಹಿಡಿದು ಕೆಂಡ. 2008ರಲ್ಲಿ ಟೆಕ್ಸಸ್ ಮಂತ್ಲಿ ಈ ಅಂಗಡಿಯನ್ನ ರಾಜ್ಯಕ್ಕೇ ನಂಬರ್ ಒನ್ ಅಂತು. 2017ರಲ್ಲಿ ಮತ್ತೊಮ್ಮೆ. 2018ರಲ್ಲಿ ಅವರ ಹೆಸರು ಬಾರ್ಬೆಕ್ಯೂ ಹಾಲ್ ಆಫ್ ಫೇಮ್ ಸೇರ್ತು.

ಶನಿವಾರ ನಾವು ಆಸ್ಟಿನ್‌ನಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟ್ವಿ. ತಲುಪಿದಾಗ ಇನ್ನೂ ಕತ್ತಲೆ, ಆಗಲೇ ಸಾಲು. ನನ್ನ ಮುಂದೆ ಆ ಕಡೆಯವರೇ ಒಬ್ಬ ಹಿರಿಯರು ಮಡಚೋ ಕುರ್ಚಿ ಹಾಕ್ಕೊಂಡು ಕೂತಿದ್ರು. "ಪತ್ರಿಕೆಯಲ್ಲಿ ಬರೋಕೆ ಮುಂಚೆ ನಾನು ನಿಧಾನಕ್ಕೆ ತಿಂಡಿ ಹೊತ್ತಿಗೆ ಬರ್ತಿದ್ದೆ. ಈಗ ಹಾಸಿಗೆಯಿಂದ ನೇರ ಇಲ್ಲಿಗೆ" ಅಂದ್ರು. ಬೇಜಾರಿಲ್ವಾ ಅಂದೆ. "ಅವರು ಶನಿವಾರ ಬಿಟ್ಟು ಇನ್ನೊಂದು ದಿನ ತೆಗೆದಿದ್ರೆ ಬೇಜಾರಾಗ್ತಿತ್ತು" ಅಂದ್ರು.

ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. ಯಾಕೆ ಅಂತ ಹೇಳ್ತೀನಿ. ಇದನ್ನ ಇದುವರೆಗೂ ಪಾಡ್‌ಕಾಸ್ಟ್‌ನಲ್ಲಿ ಹೇಳಿಲ್ಲ.

ಎರಡು ವರ್ಷದ ಹಿಂದೆ ನಾನೊಂದು ರೀಲ್ ಮಾಡಿದ್ದೆ. 47 ಸೆಕೆಂಡಿನದ್ದು. ಮದ್ದೂರು ಕಡೆ, ರಸ್ತೆ ಪಕ್ಕದ ಒಂದು ಸಣ್ಣ ಹೋಟೆಲ್. ಗಂಡ ಹೆಂಡತಿ ಇಬ್ಬರೇ, ಸೌದೆ ಒಲೆ, ಮುದ್ದೆ, ನಾಟಿ ಕೋಳಿ ಸಾರು. ಮಧ್ಯಾಹ್ನ ಎರಡಕ್ಕೆಲ್ಲ ಪಾತ್ರೆ ತೊಳೆದು ಬೋರಲು ಹಾಕಿರ್ತಿದ್ರು. ನಾನು 'ಕರ್ನಾಟಕದ ನಂಬರ್ ಒನ್ ನಾಟಿ ಕೋಳಿ' ಅಂತ ಹಾಕ್ದೆ. ಕರ್ನಾಟಕದಲ್ಲಿ ನಾನು ಎಷ್ಟು ಕಡೆ ನಾಟಿ ಕೋಳಿ ತಿಂದಿದ್ದೆ? ಹೆಚ್ಚಂದ್ರೆ ಹದಿನೈದು ಕಡೆ. ರೀಲ್ ಲಕ್ಷ ಲಕ್ಷ ವ್ಯೂಸ್ ದಾಟ್ತು. ವೀಕೆಂಡ್‌ಗೆ ಬೆಂಗಳೂರಿಂದ ಕಾರುಗಳ ಸಾಲು.

ಆರು ತಿಂಗಳ ನಂತರ ಹೆಮ್ಮೆಯಿಂದ ಹೋದೆ. ಗ್ಯಾಸ್ ಒಲೆ ಬಂದಿತ್ತು. ಇಬ್ಬರು ಹುಡುಗರು ಕೆಲಸಕ್ಕೆ. ಸಾರು ತೆಳ್ಳಗೆ. ದಿನಾ ಬರ್ತಿದ್ದ ಲಾರಿ ಡ್ರೈವರ್‌ಗಳು, ಗದ್ದೆ ಕೆಲಸದವರು ಕಾಣ್ಲಿಲ್ಲ. ಕಾಯೋಕೆ ಅವರ ಹತ್ರ ಟೈಮ್ ಎಲ್ಲಿ? ರಿವ್ಯೂ ನೋಡಿದ್ರೆ, 'ಸುಮ್ನೆ ಹೈಪ್', 'ಎರಡು ಗಂಟೆ ಕಾದು ಖಾಲಿ ಅಂದ್ರು, ಒಂದು ಸ್ಟಾರ್'. ಆ ಅಮ್ಮ ನನ್ನ ಗುರುತು ಹಿಡಿದ್ರು. ಬೈತಾರೆ ಅಂದ್ಕೊಂಡೆ, ಬೈಲಿಲ್ಲ. "ಮದ್ಲು ಎರಡ್ ಗಂಟೆಗೆ ಪಾತ್ರೆ ಖಾಲಿಯಾದ್ರೆ ಖುಷಿ ಆಗದು ಕಣ್ ಮಗ. ಈಗ ಖಾಲಿಯಾದ್ರೆ ಬೈತರೆ" ಅಂದ್ರು.

ಆ ರೀಲ್ ಡಿಲೀಟ್ ಮಾಡ್ದೆ. ಮಾಡಿದ್ರೆ ಏನಾಗುತ್ತೆ, ಬೇರೆಯವರು ಆಗಲೇ ಹತ್ತು ಮಾಡಿದ್ರು. ಆ ಹೋಟೆಲ್‌ನ ಬೆಳೆಸ್ತಿದೀನಿ ಅಂದ್ಕೊಂಡಿದ್ದೆ. ಅದರ ಒಲೆ ಎಷ್ಟು ತಡೆಯುತ್ತೆ ಅಂತ ಕೇಳಿರ್ಲೇ ಇಲ್ಲ.

ಟೂಟ್ಸಿ ಅವರ ಅಂಗಡಿಗೂ ಜನ ಮುಗಿಬಿದ್ರು. ಅಡುಗೆ ಹೆಚ್ಚಾಯ್ತು, ಆದ್ರೆ ಶನಿವಾರ ಶನಿವಾರವಾಗೇ ಉಳೀತು. ಆ ಹಿರಿಯರು ಹೇಳಿದ್ದು ಅದನ್ನೇ. ಮದ್ದೂರಿನ ಅಮ್ಮನಿಗೆ ಹಾಗೆ ಗಟ್ಟಿಯಾಗಿ 'ಇಷ್ಟೇ' ಅನ್ನೋಕೆ ನಾವು, ಅಂದ್ರೆ ನಾನು ಮತ್ತು ನನ್ನ ವ್ಯೂಸ್, ಅವಕಾಶ ಕೊಡ್ಲಿಲ್ಲ. ಖಾಲಿ ಅಂದ್ರೆ ಒಂದು ಸ್ಟಾರ್ ಕೊಡೋ ಗಿರಾಕಿಗಳನ್ನ ಅವರ ಬಾಗಿಲಿಗೆ ತಂದು ನಿಲ್ಲಿಸಿದೆ.

ಸರಿ, ಪ್ರಾಯಶ್ಚಿತ್ತ ಸಾಕು, ಉಪಯೋಗಕ್ಕೆ ಬರೋದು ಹೇಳ್ತೀನಿ. ನಿಮ್ಮಲ್ಲಿ ಯಾರಾದ್ರೂ ಡಲ್ಲಾಸ್‌ಗೋ ಹ್ಯೂಸ್ಟನ್‌ಗೋ ಓದೋಕೆ, ಕೆಲಸಕ್ಕೆ ಹೋದ್ರೆ ಈಗ ನಾನು ಹುಡುಕೋ ಕ್ರಮ ಇದು.

ಒಂದು: ಮೊದಲು ಊರು, ಆಮೇಲೆ ಅಂಗಡಿ. ಆ ಪ್ರದೇಶದ್ದು ಅಂತ ಯಾವ ಮಾಂಸ ಹೆಸರುವಾಸಿಯೋ ಅದನ್ನೇ ಕೇಳಿ. ಟೆಕ್ಸಸ್‌ನಲ್ಲಿ ಕ್ಯಾರೊಲೈನಾ ಪೋರ್ಕ್ ಕೇಳೋದು ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ಬಿಟ್ಟು ಮೊಮೊ ಕೇಳಿದಂಗೆ.

ಎರಡು: ಮುಂಬಾಗಿಲಿಗಿಂತ ಮುಂಚೆ ಹಿಂಬಾಗಿಲು ನೋಡಿ. ಸೌದೆ ರಾಶಿ ಇದೆಯಾ? ಬೂದಿ ಇದೆಯಾ? ಗ್ಯಾಸ್ ಸಹಾಯದಿಂದ ಓಡೋ ಯಂತ್ರಗಳೂ ಬಂದಿವೆ, ಅದರಲ್ಲೂ ಕೆಲವರು ಚೆನ್ನಾಗಿ ಮಾಡ್ತಾರೆ. ಆದ್ರೆ ಸೌದೆ ರಾಶಿ ಇದ್ರೆ ರಾತ್ರಿ ನಿದ್ದೆಗೆಟ್ಟವರು ಯಾರೋ ಇದ್ದಾರೆ ಅಂತ ಅರ್ಥ.

ಮೂರು: ಅಂಗಡಿಯ ಸಮಯ ನೋಡಿ. 'ಹನ್ನೊಂದರಿಂದ ಮುಗಿಯುವ ತನಕ' ಅಂತಿದ್ರೆ ಅದು ಒಳ್ಳೆ ಲಕ್ಷಣ. ಅರ್ಕನ್ಸಾ ರಾಜ್ಯದ ಮೇರಿಯಾನಾ ಅನ್ನೋ ಊರಲ್ಲಿ 'ಜೋನ್ಸ್ ಬಾರ್-ಬಿ-ಕ್ಯೂ ಡೈನರ್' ಅಂತ ಇದೆ, ಒಂದು ಕಪ್ಪು ಕುಟುಂಬ ತಲೆಮಾರುಗಳಿಂದ ನಡೆಸ್ತಿರೋದು. ಸಾದಾ ಬಿಳಿ ಬ್ರೆಡ್ ಮಧ್ಯ ಹೊಗೆಯಲ್ಲಿ ಬೆಂದ ಪೋರ್ಕ್, ಬೇಕಿದ್ರೆ ಕೋಸಿನ ಪಲ್ಯದಂಥ ಸ್ಲಾ. ಎಷ್ಟೋ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಖಾಲಿ. 2012ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಇದಕ್ಕೆ 'ಅಮೆರಿಕಾಸ್ ಕ್ಲಾಸಿಕ್ಸ್' ಪ್ರಶಸ್ತಿ ಕೊಡ್ತು. 2021ರಲ್ಲಿ ಬೆಂಕಿ ಬಿದ್ದು ಕಟ್ಟಡ ಹಾಳಾಯ್ತು. ಜನ ದುಡ್ಡು ಕೂಡಿಸಿದ್ರು, ಅದೇ ವರ್ಷ ಮತ್ತೆ ಬಾಗಿಲು ತೆಗೀತು.

ನಾಲ್ಕು: ಪಟ್ಟಿಯಲ್ಲಿ ಯಾರಿಲ್ಲ ಅಂತಲೂ ನೋಡಿ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಯ ಕಾಲದಿಂದ ಈ ಅಡುಗೆಯ ಕಷ್ಟದ ಕೆಲಸ ಮಾಡಿದವರು ಕಪ್ಪು ಜನ. ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಶುರು ಮಾಡಿದ್ದು ಹೆನ್ರಿ ಪೆರಿ ಅನ್ನೋ ಕಪ್ಪು ವ್ಯಾಪಾರಿ, 20ನೇ ಶತಮಾನದ ಆರಂಭದಲ್ಲಿ. ಹಾಗಿದ್ದೂ ಟಿವಿ ಶೋ, ಪುಸ್ತಕದ ಮುಖಪುಟಗಳಲ್ಲಿ ಬಹುಕಾಲ ಕಂಡದ್ದು ಬಿಳಿಯರೇ. 2021ರಲ್ಲಿ ಏಡ್ರಿಯನ್ ಮಿಲ್ಲರ್ 'ಬ್ಲ್ಯಾಕ್ ಸ್ಮೋಕ್' ಪುಸ್ತಕ ಬರೆದದ್ದು ಈ ಇತಿಹಾಸ ಹೇಳೋಕೇ. ಹಾಗಾಗಿ ಪಟ್ಟಿ ಜೇಬಲ್ಲಿರಲಿ, ಪೆಟ್ರೋಲ್ ಬಂಕ್‌ನಲ್ಲಿ, ಕಟಿಂಗ್ ಶಾಪ್‌ನಲ್ಲಿ ಒಂದು ಮಾತು ಕೇಳಿ: 'ನೀವು ಎಲ್ಲಿ ತಿಂತೀರಿ?' 'ಬೆಸ್ಟ್ ಎಲ್ಲಿ' ಅಂದ್ರೆ ಫೇಮಸ್ ಜಾಗ ಹೇಳ್ತಾರೆ. 'ನೀವು ಎಲ್ಲಿ' ಅಂದ್ರೆ ನಿಜ ಹೇಳ್ತಾರೆ.

ಐದು: ಮೊದಲ ತುತ್ತು ಸಾಸ್ ಇಲ್ಲದೆ ತಿನ್ನಿ. ಕ್ಯಾರೊಲೈನಾದಲ್ಲಿ ರಸ ಅಡುಗೆಯ ಭಾಗವೇ, ಅದು ಬೇರೆ. ಆದ್ರೆ ಟೆಕ್ಸಸ್‌ನಲ್ಲಿ ಸಾಸ್ ಮೇಲೆ ಸುರಿದು ಕೊಟ್ರೆ, ಕೆಳಗೆ ಏನೋ ಮುಚ್ಚಿಡ್ತಿದ್ದಾರಾ ಅಂತ ಒಮ್ಮೆ ನೋಡಿ.

ಇಷ್ಟು ಹೇಳಿ, ಆ ಸೋಲ್ಡ್ ಔಟ್ ಅಂಗಡಿ ಕಥೆ ಮುಗಿಸ್ತೀನಿ. ಮಾರನೇ ದಿನವೇ ವಾಪಸ್ ಹೋಗಿದ್ದೆ, ಒಂಬತ್ತೂವರೆಗೆ. ಅದೇ ಮನುಷ್ಯ ಕೌಂಟರ್‌ನಲ್ಲಿದ್ರು. ಮಾಂಸ ಕತ್ತರಿಸಿ, ತುದಿಯ ಒಂದು ಚೂರನ್ನ ಮೊದಲು ಕೈಗೆ ಕೊಟ್ರು. ಹೊರಗೆ ಕಪ್ಪಗೆ ಖಾರ, ಒಳಗೆ ಬೆಣ್ಣೆ. ಮಾತಾಡೋ ಪಾಡ್‌ಕಾಸ್ಟರ್‌ಗೆ ಮಾತು ನಿಂತೋಯ್ತು ಅಂತ ಭಾವ ಈಗಲೂ ರೇಗಿಸ್ತಾರೆ.

ಆದ್ರೆ ನನಗೆ ನೆನಪಲ್ಲುಳಿದಿರೋದು ಅದಲ್ಲ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕೊನೇ ತುಂಡು ಹೋಯ್ತು. ಸಾಲಲ್ಲಿ ಇನ್ನೂ ನಾಲ್ಕು ಜನ ಇದ್ರು. ಆ ಮನುಷ್ಯ ಕೈ ಒರೆಸ್ಕೊಂಡು 'ಅಷ್ಟೇ ಇವತ್ತಿಗೆ' ಅಂದ್ರು. ಯಾರೂ ಕೂಗಾಡ್ಲಿಲ್ಲ. ಯಾರೂ ಫೋನ್ ತೆಗೀಲಿಲ್ಲ. ಒಬ್ಬರು ಟೋಪಿ ಸರಿಮಾಡ್ಕೊಂಡು, 'ನಾಳೆ ಬೇಗ ಬರ್ತೀನಿ' ಅಂತ ಹೋದ್ರು. ಒಳ್ಳೆ ಅಂಗಡಿ ಉಳಿಯೋಕೆ ಒಳ್ಳೆ ಅಡುಗೆಯವರಷ್ಟೇ ಅಲ್ಲ, ಹೀಗೆ ಹೊರಟು ಹೋಗೋ ಗಿರಾಕಿಯೂ ಬೇಕು.

ಹಾಗಾಗಿ ಇನ್ಮುಂದೆ ಈ ಪಾಡ್‌ಕಾಸ್ಟ್‌ನಲ್ಲಿ 'ನಂಬರ್ ಒನ್' ಇರಲ್ಲ. ಯಾವುದೇ ಹೋಟೆಲ್ ಬಗ್ಗೆ ಹೇಳೋ ಮುಂಚೆ ಅವರನ್ನೇ ಕೇಳ್ತೀನಿ, ಹೇಳಬಹುದಾ ಅಂತ. ಹೇಳಿದ್ರೆ, ಎಷ್ಟು ಗಂಟೆಗೆ ಖಾಲಿಯಾಗುತ್ತೆ ಅಂತಲೂ ಹೇಳ್ತೀನಿ. ನಿಮ್ಮಿಂದ ಒಂದೇ ಬೇಡಿಕೆ. ಮುಂದಿನ ಸಲ ಎಲ್ಲಾದ್ರೂ 'ಖಾಲಿ ಆಯ್ತು ಸರ್' ಅಂದ್ರೆ, ಸ್ಟಾರ್ ಕೊಡೋಕೆ ಫೋನ್ ತೆಗೀಬೇಡಿ. ನಾಳೆ ಎಷ್ಟೊತ್ತಿಗೆ ಬರ್ಲಿ ಅಂತ ಕೇಳಿ.

ಮುಂದಿನ ವಾರ ಸಿಗೋಣ. ಊಟ ಆಗಿಲ್ದಿದ್ರೆ ಬೇಗ ಹೋಗಿ, ಖಾಲಿಯಾಗೋ ಮುಂಚೆ.